ಪುಸ್ತಕದಲ್ಲಿ ಲಾಭ, ಗಲ್ಲಾದಲ್ಲಿ ಬರಿದು: ಸಣ್ಣ ವ್ಯಾಪಾರಕ್ಕೆ ಬೇಕಾದ ನಿಷ್ಠೆ ಮತ್ತು ಹಣಕಾಸಿನ ಶಿಸ್ತು

ಅಫಜಲಪುರ ತಾಲ್ಲೂಕಿನ ಕರಜಗಿ ಮತ್ತು ಸುತ್ತಲಿನ ಹಳ್ಳಿಗಳ ವ್ಯಾಪಾರವು ಒಕ್ಕಲುತನದ ಬೆನ್ನು ಹಿಡಿದು ನಡೆಯುತ್ತದೆ. ಆಳಂದ, ಜೇವರ್ಗಿ ಭಾಗದ ಸ್ಥಿತಿಯೂ ಇದೇ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲಬುರಗಿ ತೊಗರಿಯನ್ನು ಮುಂಗಾರಿನಲ್ಲಿ ಬಿತ್ತಿದರೆ ಅದು ರಾಶಿಯಾಗಿ ಹಣವಾಗುವುದು ಡಿಸೆಂಬರ್‌ನಿಂದ ಫೆಬ್ರುವರಿಯ ನಡುವೆ. ಆದರೆ ರೈತನ ಮನೆಗೆ ಎಣ್ಣೆ, ಸಕ್ಕರೆ, ಸಾಬೂನು ಪ್ರತಿದಿನವೂ ಬೇಕು. ಈ ಅಂತರವನ್ನು ತುಂಬುವವನು ಊರಿನ ಕಿರಾಣಿ ಅಂಗಡಿಕಾರ. ಬ್ಯಾಂಕಿನ ಹೆಸರಿಲ್ಲದಿದ್ದರೂ ಅವನು ಮಾಡುತ್ತಿರುವುದು ಸಾಲ ಕೊಡುವ ಕೆಲಸವೇ. ಸಾಲ ಕೊಡುವವನಿಗೆ ಬೇಕಾದ ಶಿಸ್ತು ಅವನಲ್ಲಿ ಇಲ್ಲದಿದ್ದರೆ, ಲಾಭದಲ್ಲಿರುವ ಅಂಗಡಿಯೂ ಮುಚ್ಚಬೇಕಾಗುತ್ತದೆ.

ಒಂದು ಲೆಕ್ಕ

ಉದಾಹರಣೆಗಾಗಿ ದಿನಕ್ಕೆ 8,000 ರೂಪಾಯಿ ಮಾರಾಟವಿರುವ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳೋಣ. ತಿಂಗಳ ಮಾರಾಟ 2,40,000 ರೂ. ಶೇಕಡಾ 10ರಂತೆ ಒಟ್ಟು ಲಾಭ 24,000 ರೂ. ಬಾಡಿಗೆ, ವಿದ್ಯುತ್, ಸಾಗಣೆಗೆ 6,000 ರೂ. ಹೋದರೆ ನಿವ್ವಳ ಲಾಭ 18,000 ರೂ. ಮನೆಯ ಖರ್ಚಿಗೆ ಮಾಲೀಕನು 12,000 ರೂ. ತೆಗೆಯುತ್ತಾನೆ. ಮೇಲ್ನೋಟಕ್ಕೆ ತಿಂಗಳಿಗೆ 6,000 ರೂ. ಉಳಿತಾಯವಿದೆ.

ಈಗ ಮಾರಾಟದ ಶೇಕಡಾ 40 ಭಾಗ ಉದ್ರಿ ಎಂದುಕೊಳ್ಳೋಣ. ಆಗ ತಿಂಗಳಿಗೆ 96,000 ರೂ. ಗಿರಾಕಿಗಳ ಬಳಿಯೇ ಉಳಿಯುತ್ತದೆ. 6,000 ರೂಪಾಯಿಯ ಉಳಿತಾಯದ ಬದಲು 90,000 ರೂಪಾಯಿ ನಗದಿನ ಕೊರತೆ ಬೀಳುತ್ತದೆ. ಜುಲೈಯಿಂದ ಡಿಸೆಂಬರ್‌ವರೆಗಿನ ಆರು ತಿಂಗಳಲ್ಲಿ ಈ ಕೊರತೆ 5,40,000 ರೂ. ಆಗುತ್ತದೆ. ಅದನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯ ಕೈಸಾಲದಿಂದ ತುಂಬಿದರೆ, ಅಷ್ಟರೊಳಗೆ ಬಡ್ಡಿಯೇ 27,000 ರೂ. ಉದ್ರಿಯ ಹತ್ತನೆಯ ಒಂದು ಭಾಗ ವಸೂಲಾಗದಿದ್ದರೆ ಇನ್ನೂ 57,600 ರೂ. ನಷ್ಟ. ಆರು ತಿಂಗಳ ಲಾಭ 1,08,000 ರೂಪಾಯಿಯಲ್ಲಿ ಕೊನೆಗೆ ಉಳಿಯುವುದು 23,400 ರೂ. ಮಾತ್ರ. ಮನೆಗೆ ತೆಗೆದದ್ದಾದರೋ 72,000 ರೂ. ಅಂದರೆ 48,600 ರೂಪಾಯಿಯನ್ನು ಕುಟುಂಬವು ಲಾಭದಿಂದಲ್ಲ, ಬಂಡವಾಳದಿಂದ ಉಂಡಿದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ದುಡಿದು ಉಣ್ಣುವವನಿಗೂ ಅನ್ವಯಿಸುವುದು ಹೀಗೆ.

ಉದ್ರಿ ನಿಲ್ಲಿಸಿದರೆ ಗಿರಾಕಿ ಹೋಗುತ್ತಾನೆ ಎಂಬ ಅಂಜಿಕೆ ಸಹಜ. ಆದರೆ ಉದ್ರಿಯನ್ನು ತಿಂಗಳಿಗೆ 36,000 ರೂಪಾಯಿಗೆ ಮಿತಿಗೊಳಿಸಿ, ಉಳಿದ 60,000 ರೂಪಾಯಿಯ ವ್ಯಾಪಾರ ಪೂರ್ತಿಯಾಗಿ ಕೈತಪ್ಪಿತೆಂದೇ ಇಟ್ಟುಕೊಳ್ಳೋಣ. ಆರು ತಿಂಗಳ ಲಾಭ 72,000 ರೂಪಾಯಿಗೆ ಇಳಿಯುತ್ತದೆ. ಬಡ್ಡಿ 10,800 ರೂ., ವಸೂಲಾಗದ ಉದ್ರಿ 21,600 ರೂ. ಕಳೆದರೆ 39,600 ರೂ. ಉಳಿಯುತ್ತದೆ. ವ್ಯಾಪಾರ ಕಡಿಮೆಯಾಗಿಯೂ ಉಳಿಕೆ ಹೆಚ್ಚಾಯಿತು. ಮನೆಯ ಖರ್ಚನ್ನು ಇದಕ್ಕೆ ಹೊಂದಿಸಿಕೊಳ್ಳಬೇಕಾಗುವುದು ನಿಜ; ಆದರೆ ಆ ಸತ್ಯ ಮಾಲೀಕನಿಗೆ ಮೊದಲೇ ಗೊತ್ತಾಗಿರುತ್ತದೆ.

ಪಾಲಿಸಬೇಕಾದ ನಿಯಮಗಳು

1. ಕಿರ್ದಿಯನ್ನು ಅಂದಂದೇ ಬರೆಯಬೇಕು. ಅಂಗಡಿಯ ಬಾಗಿಲು ಹಾಕುವ ಮುನ್ನ ಗಲ್ಲಾದ ನಗದು ಮತ್ತು ಕಿರ್ದಿಯ ಶಿಲ್ಕು ತಾಳೆಯಾಗಬೇಕು. ದೀಪಾವಳಿಯಲ್ಲಿ ಪೂಜಿಸುವ ಲೆಕ್ಕದ ಪುಸ್ತಕಕ್ಕೆ ಸಲ್ಲುವ ನಿಜವಾದ ಪೂಜೆ ಈ ನಿತ್ಯದ ಬರವಣಿಗೆ. ಫೋನಿನ ಮೂಲಕ ಬರುವ ಹಣವನ್ನೂ ಬಿಡದೆ ದಾಖಲಿಸಬೇಕು.

2. ಮನೆ ಮತ್ತು ಅಂಗಡಿಯ ಹಣ ಬೇರೆ ಬೇರೆ ಇರಬೇಕು. ಮಾಲೀಕನು ತನಗೊಂದು ತಿಂಗಳ ಸಂಬಳ ನಿಗದಿಪಡಿಸಿಕೊಂಡು ಅದನ್ನು ಪ್ರತ್ಯೇಕ ಖಾತೆಗೆ ಹಾಕಬೇಕು. ಮನೆಗೆ ಒಯ್ದ ಸಾಮಾನನ್ನೂ ಕೊಂಡ ಬೆಲೆಗೆ ಬರೆಯಬೇಕು.

3. ಪ್ರತಿ ಮನೆಗೆ ಉದ್ರಿಯ ಮಿತಿ ಇರಬೇಕು. ಹಳೆಯ ಬಾಕಿಯಲ್ಲಿ ಏನೂ ಬಾರದೆ ಹೊಸ ಉದ್ರಿ ಕೊಡಬಾರದು. ಮಿತಿಯನ್ನು ಬಿತ್ತನೆಗೆ ಮೊದಲೇ ಗಿರಾಕಿಗೆ ತಿಳಿಸಿದರೆ ಮನಸ್ತಾಪಕ್ಕೆ ಎಡೆಯಿಲ್ಲ.

4. ರಾಶಿಯ ಕಾಲದಲ್ಲಿ ಬಂದ ಹಣಕ್ಕೆ ಕ್ರಮವಿರಬೇಕು. ಮೊದಲು ಬಡ್ಡಿಯ ಸಾಲ, ನಂತರ ಸಗಟು ವ್ಯಾಪಾರಿಯ ಬಾಕಿ, ಆಮೇಲೆ ಮುಂಗಾರಿನ ತಿಂಗಳುಗಳಿಗೆ ಮೀಸಲು. ಮದುವೆ, ಮನೆ ಕಟ್ಟುವುದು, ವಾಹನ ಕೊಳ್ಳುವುದು ಇವೆಲ್ಲ ಕೊನೆಗೆ. ಆ ತಿಂಗಳು ಕೈಗೆ ಬಂದ ದೊಡ್ಡ ಮೊತ್ತವು ಆ ತಿಂಗಳ ಲಾಭವಲ್ಲ; ಹಿಂದೆ ಕೊಟ್ಟ ಸಾಮಾನಿನ ಬೆಲೆ.

5. ಕೈಸಾಲಕ್ಕಿಂತ ಬ್ಯಾಂಕಿನ ಸಾಲ ಲೇಸು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ವ್ಯಾಪಾರಿಗಳಿಗೂ ಅಡಮಾನವಿಲ್ಲದೆ ಸಾಲ ಪಡೆಯಲು ಅವಕಾಶವಿದೆ. ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವರ್ಗದಲ್ಲಿ 5 ಲಕ್ಷ ರೂಪಾಯಿವರೆಗೆ. ಆದರೆ ಕಂತು 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಆ ಸಾಲವು ಅನುತ್ಪಾದಕ ಆಸ್ತಿಯೆಂದು ವರ್ಗೀಕರಣಗೊಂಡು, ಮುಂದಿನ ಸಾಲದ ದಾರಿ ಮುಚ್ಚುತ್ತದೆ. ಆದ್ದರಿಂದ ಸಾಲ ಪಡೆಯುವಾಗಲೇ ಕಂತಿನ ತಿಂಗಳುಗಳಿಗೂ ಊರಿನ ಆದಾಯದ ತಿಂಗಳುಗಳಿಗೂ ಹೊಂದಾಣಿಕೆ ಇದೆಯೇ ಎಂದು ನೋಡಬೇಕು.

6. ತೆರಿಗೆಯ ಹಣ ಸ್ವಂತದ್ದಲ್ಲ. ಜಿಎಸ್‌ಟಿ ನೋಂದಣಿ ಇರುವವರು ಸಂಗ್ರಹಿಸಿದ ತೆರಿಗೆಯನ್ನು ಸರಕು ಕೊಳ್ಳಲು ಬಳಸಿಕೊಂಡು ತಡವಾಗಿ ಕಟ್ಟಿದರೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ತೆರಬೇಕಾಗುತ್ತದೆ.

ನಿಷ್ಠೆಯೆಂದರೇನು?

ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ಕುಳಿತಿರುವುದೇ ನಿಷ್ಠೆಯೆಂದು ಬಹಳ ಮಂದಿ ಭಾವಿಸುತ್ತಾರೆ. ದುಡಿಮೆ ಅವಶ್ಯ, ಆದರೆ ಅದು ಅರ್ಧ ಮಾತ್ರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದ್ದನ್ನು ಹಿಂದಿರುಗಿಸಿ ಬರಲು ಹೇಳಿದರೆಂದು ಶರಣರ ಕಥನಗಳು ತಿಳಿಸುತ್ತವೆ. ಇದರಲ್ಲಿ ವ್ಯಾಪಾರಿಗೆ ನೇರವಾದ ಪಾಠವಿದೆ: ಕೈಗೆ ಸಿಕ್ಕಿದ್ದೆಲ್ಲ ತನ್ನದಲ್ಲ. ಗಲ್ಲಾದ ಹಣದಲ್ಲಿ ಸಗಟು ವ್ಯಾಪಾರಿಯ ಪಾಲಿದೆ, ಬ್ಯಾಂಕಿನ ಪಾಲಿದೆ, ಸರ್ಕಾರದ ಪಾಲಿದೆ, ನಾಳೆಯ ಸರಕಿನ ಪಾಲಿದೆ. ಇವೆಲ್ಲ ಕಳೆದ ಮೇಲೆ ಉಳಿದದ್ದು ಮನೆಯದು.

ಮಳೆಯನ್ನಾಗಲಿ ತೊಗರಿಯ ಧಾರಣೆಯನ್ನಾಗಲಿ ಕರಜಗಿಯ ಅಂಗಡಿಕಾರನು ನಿಯಂತ್ರಿಸಲಾರ. ಅವನ ಕೈಯಲ್ಲಿರುವುದು ಉದ್ರಿಯ ಮಿತಿ, ಮನೆಯ ಖರ್ಚು ಮತ್ತು ದಿನದ ಕಿರ್ದಿ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಅಂಗಡಿಯ ಬಾಗಿಲು ತೆರೆದಿರುವುದು ಈ ಮೂರರ ಬಲದಿಂದಲೇ. ಆ ಬಾಗಿಲು ತೆರೆದಿದ್ದರೆ, ಅಂತಹ ವರ್ಷದಲ್ಲಿ ಊರಿನ ಹತ್ತಾರು ಮನೆಗಳ ಒಲೆಯೂ ಉರಿಯುತ್ತದೆ.