ಹಂಪೆಗೆ ಬೆಲೆ ಕಟ್ಟುವ ಬಗೆ

ಹಂಪೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಯ ಬಳಿ ಸೇತುವೆ ಏಳತೊಡಗಿದುದರಿಂದ 1999ರಲ್ಲಿ ಅಪಾಯಕ್ಕೀಡಾದ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಹರಿಗೋಲಿನಲ್ಲಿ ಹೊಳೆ ದಾಟುವವರಿಗೆ ಸೇತುವೆಯಿಂದಾಗುವ ಲಾಭವನ್ನು ರೂಪಾಯಿಗಳಲ್ಲಿ ಎಣಿಸಬಹುದು. ಕಲ್ಲುಮಂಟಪದ ಲಾಭವನ್ನು ಎಣಿಸುವುದು ಹೇಗೆ? ಎಣಿಸದೆ ಬಿಟ್ಟರೆ ಲೆಕ್ಕದಲ್ಲಿ ಅದು ಸೊನ್ನೆಯೇ ಸರಿ.

ಇದಕ್ಕೊಂದು ಉಪಾಯವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಇಲಾಖೆಗೆ ಬರೆದ ಪತ್ರದಲ್ಲಿ ಸೂಚಿಸಿದರು. ಪ್ರವೇಶಶುಲ್ಕ ಅಲ್ಪವಿರಬಹುದು, ಆದರೆ ಬಂದವನು ಪ್ರಯಾಣಕ್ಕೆ ತೆತ್ತ ಹಣ, ಕಳೆದ ಹೊತ್ತು, ಇವೂ ಅವನು ಕೊಟ್ಟ ಬೆಲೆಯೇ ಅಲ್ಲವೇ? ಎಷ್ಟು ದೂರದಿಂದ ಎಷ್ಟು ಜನ ಬರುತ್ತಾರೆಂದು ತಿಳಿದರೆ ಬೇಡಿಕೆಯ ರೇಖೆಯನ್ನೇ ಎಳೆಯಬಹುದು. ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ಬಹಳ ಹಿಡಿಸಿತು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಲಿತದ್ದನ್ನು ಮನೆಯಲ್ಲೇ ಪರೀಕ್ಷಿಸುವ ಹುಚ್ಚು ನನಗೆ. ನಮ್ಮೂರು ಹೊಸಪೇಟೆಯ ಸಮೀಪದಲ್ಲಿದೆ. ವಿರೂಪಾಕ್ಷನ ತೇರಿಗೆ ಅವ್ವ ಬುತ್ತಿ ಕಟ್ಟಿಕೊಂಡು ನಡೆದೇ ಹೋಗುತ್ತಾಳೆ. ಒಂದು ವರ್ಷವೂ ತಪ್ಪಿಸಿದವಳಲ್ಲ. ಅವಳ ವೆಚ್ಚ ಒಂದು ದಿನದ ಕೂಲಿ. ಕಾಯಿ-ಕರ್ಪೂರ ಸೇರಿಸಿದರೂ ಹೆಚ್ಚೇನಿಲ್ಲ. ವಿಮಾನದಲ್ಲಿ ಬಂದು ಜನ್ಮಕ್ಕೊಮ್ಮೆ ನೋಡಿಹೋಗುವ ಪರದೇಶದವನ ವೆಚ್ಚ ಲಕ್ಷ ದಾಟಬಹುದು. ಈ ತಕ್ಕಡಿಯಲ್ಲಿ ತೂಗುವುದು ಭಕ್ತಿಯಲ್ಲ, ಜೇಬು.

ಹಾಗಾದರೆ ನೇರವಾಗಿ ಕೇಳಿಬಿಡುವುದು ಮತ್ತೊಂದು ವಿಧಾನ: "ಇದು ಉಳಿಯಲು ನೀವೆಷ್ಟು ಕೊಡುವಿರಿ?" ಎಂದು. ಹಂಪೆಯನ್ನು ಕಾಣದವನು ಅದಕ್ಕೆ ಕೊಡುವ ಬೆಲೆಯೂ ಇದರಲ್ಲಿ ಸಿಕ್ಕುತ್ತದೆ. ಅದು ಇದರ ಹೆಚ್ಚುಗಾರಿಕೆ. ಅಲಾಸ್ಕದ ಕಡಲಿನಲ್ಲಿ 1989ರಲ್ಲಿ ಹಡಗಿನಿಂದ ಎಣ್ಣೆ ಸೋರಿದ ಮೇಲೆ ಕೆನೆತ್ ಆರೋ, ರಾಬರ್ಟ್ ಸೋಲೋ ಅವರಿದ್ದ ಸಮಿತಿಯು 1993ರಲ್ಲಿ ಕಟ್ಟುನಿಟ್ಟಾದ ನಿಯಮಗಳೊಡನೆ ಇದನ್ನು ಒಪ್ಪಿತು. ಮಾತಿನಲ್ಲಿ ಕೊಡುವವರು ಕೈಯಲ್ಲಿ ಕೊಡುವರೇ ಎಂಬ ಸಂಶಯವಂತೂ ಇದ್ದೇ ಇದೆ.

ರಜೆಯಲ್ಲಿ ಓಣಿಯ ಹತ್ತು ಮನೆಗಳಲ್ಲಿ ಕೇಳಿದೆ. ಕೆಲವರು ನೂರೆಂದರು, ಕೆಲವರು ಐವತ್ತೆಂದರು. ಅವ್ವ ರೊಟ್ಟಿ ಬಡಿಯುತ್ತಲೇ, "ಗುಡಿಗೆ ಯಾರರ ರೇಟು ಕಟ್ತಾರೇನೋ ತಮ್ಮಾ? ಅದೇನು ನಂದಾ, ನಿಂದಾ?" ಎಂದಳು.

ಶಾಸ್ತ್ರದಲ್ಲಿ ಇದಕ್ಕೆ ಪ್ರತಿಭಟನೆಯ ಉತ್ತರವೆಂದು ಹೆಸರು. ಸರಾಸರಿ ತೆಗೆಯುವಾಗ ಸಾಮಾನ್ಯವಾಗಿ ಇದನ್ನು ಕೈಬಿಡುತ್ತಾರೆ. ಬಿಡದಿದ್ದರೆ ಸೊನ್ನೆಯೆಂದು ಬರೆಯಬೇಕಾಗುತ್ತದೆ, ಅದು ಇನ್ನೂ ದೊಡ್ಡ ಸುಳ್ಳು. ಬಿಟ್ಟ ಉತ್ತರಗಳೆಷ್ಟು, ಅವರು ಏನೆಂದರು ಎಂಬುದನ್ನಾದರೂ ಮೊತ್ತದ ಪಕ್ಕದಲ್ಲಿ ಅಚ್ಚು ಹಾಕಬೇಕೆಂದು ನನ್ನ ಮತ. ನನ್ನ ತಖ್ತೆಯಲ್ಲಿ ಅವ್ವನ ಸಾಲನ್ನು ಹೊಡೆದುಹಾಕಿಲ್ಲ. ರೂಪಾಯಿಯ ಕಲಮಿನಲ್ಲಿ ಅವಳ ಮಾತನ್ನೇ ಬರೆದು ಅಧ್ಯಾಪಕರಿಗೆ ಒಪ್ಪಿಸಿದ್ದೇನೆ.