ಮಳೆಯಲ್ಲಿ ಕೊನೆಯ ಸವಾರ
(ಉಚ್ಚ ಪ್ರಾಥಮಿಕ ಹಂತ: ಭಾಷೆ, ಗಣಿತ ಹಾಗೂ ಪರಿಸರ ಅಧ್ಯಯನದ ಸಂಯೋಜಿತ ಪಾಠ)

ಪೀಠಿಕೆ

ಸಾಂಗ್ಲಿ ಜಿಲ್ಲೆಯ ಜತ್ತ ಮತ್ತು ಮಿರಜ ತಾಲ್ಲೂಕುಗಳ ಕನ್ನಡ ಶಾಲೆಗಳಿಗೆ ಸೈಕಲ್ ಮೇಲೆ ಬರುವ ಮಕ್ಕಳು ಹಲವರು. ಭಾನುವಾರ ಬೆಳಿಗ್ಗೆ ಶಿರಸ್ತ್ರಾಣ ಧರಿಸಿ ಸಾಲಾಗಿ ಸಾಗುವ ಸೈಕಲ್ ಕ್ಲಬ್ಬಿನ ಸವಾರರನ್ನೂ ಈ ಮಕ್ಕಳು ಕಂಡಿರುತ್ತಾರೆ. ಒಬ್ಬರದು ವಿಹಾರ, ಇನ್ನೊಬ್ಬರದು ನಿತ್ಯದ ಅಗತ್ಯ. ಆದರೆ ಮಳೆಗಾಲದ ರಸ್ತೆ ಇಬ್ಬರಿಗೂ ಒಂದೇ. ತಂಡದ ಸವಾರಿಯಲ್ಲಿ ರೂಢಿಯಾಗಿರುವ ಕೆಲವು ನಿಯಮಗಳನ್ನು ಮಕ್ಕಳ ಬದುಕಿಗೆ ಹೊಂದಿಸಿ ಕಲಿಸುವುದು ಈ ಪಾಠದ ಗುರಿಯಾಗಿದೆ.

ಉದ್ದೇಶಗಳು

1. ಚಿಕ್ಕದಾದ, ಸ್ಪಷ್ಟವಾದ ಸೂಚನಾ ವಾಕ್ಯಗಳನ್ನು ರಚಿಸುವುದು.
2. ವೇಗ, ಕಾಲ, ದೂರಗಳ ಸಂಬಂಧವನ್ನು ನಿತ್ಯದ ಸನ್ನಿವೇಶಕ್ಕೆ ಅನ್ವಯಿಸುವುದು.
3. ಗುಂಪಿನ ನಿರ್ಣಯವನ್ನು ಅದರಲ್ಲಿನ ಅತ್ಯಂತ ಅಶಕ್ತನ ದೃಷ್ಟಿಯಿಂದ ಪರಿಶೀಲಿಸುವುದು.

ಪ್ರದೇಶದ ಹಿನ್ನೆಲೆ

ಸಾಂಗ್ಲಿಯ ಆಕಾಶವನ್ನು ನೋಡಿ ಸಾಂಗ್ಲಿಯ ನದಿಯನ್ನು ಅಳೆಯಲಾಗದು ಎಂಬುದನ್ನು ಶಿಕ್ಷಕರು ಮೊದಲು ಮನಗಾಣಿಸಬೇಕು. ಈ ಭಾಗವು ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಜತ್ತವಂತೂ ಬರಪೀಡಿತ ತಾಲ್ಲೂಕು. ಆದರೆ ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸುಮಾರು 5,000 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ಮಳೆ ಬೀಳುತ್ತದೆ. ಕೊಯ್ನಾ ನದಿ ಕರಾಡದಲ್ಲಿಯೂ ವಾರಣಾ ನದಿ ಸಾಂಗ್ಲಿಯ ಸಮೀಪದ ಹರಿಪುರದಲ್ಲಿಯೂ ಕೃಷ್ಣೆಯನ್ನು ಸೇರುತ್ತವೆ. ಆದುದರಿಂದ ಇಲ್ಲಿ ಬಿಸಿಲು ಬಿದ್ದಿರುವಾಗಲೂ ನದಿ ಏರುತ್ತಿರಬಹುದು.

1929ರಲ್ಲಿ ಪೂರ್ಣಗೊಂಡ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟವನ್ನು 45 ಅಡಿ ಎಂದು ಗುರುತಿಸಲಾಗಿದೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ನೀರು 57 ಅಡಿಯನ್ನೂ ಮೀರಿತು. 2005ರಲ್ಲಿ ಮತ್ತು 2021ರಲ್ಲಿಯೂ ನಗರಕ್ಕೆ ಪೂರ ಬಂದಿತ್ತು. ಕೃಷ್ಣಾ ಕಣಿವೆಯಲ್ಲಿ ಕೊಲ್ಹಾಪುರ ಮಾದರಿಯ ಬಂಧಾರಗಳು ಅನೇಕ. ಬೇಸಿಗೆಯಲ್ಲಿ ನೀರು ನಿಲ್ಲಿಸುವ ಈ ತಗ್ಗು ಕಟ್ಟೆಗಳ ಮೇಲೆಯೇ ಜನ ನದಿ ದಾಟುವುದುಂಟು. ಮಳೆಗಾಲದಲ್ಲಿ ಅವು ನೀರಿನೊಳಗೆ ಮುಳುಗುತ್ತವೆ.

ಸನ್ನಿವೇಶ

(ಇದು ಪಾಠಕ್ಕಾಗಿ ರೂಪಿಸಿದ ಸನ್ನಿವೇಶ. ಶಿಕ್ಷಕರು ಇದನ್ನು ಗಟ್ಟಿಯಾಗಿ ಓದಬೇಕು.)

ಆಗಸ್ಟ್ ತಿಂಗಳ ಒಂದು ಭಾನುವಾರ ಹನ್ನೆರಡು ಮಂದಿಯ ತಂಡ ಸಾಂಗ್ಲಿಯಿಂದ ಹೊರಟು ವಿಶ್ರಾಮಬಾಗ ಮಾರ್ಗವಾಗಿ ಮಿರಜಕ್ಕೆ ಬಂದು, ಅಲ್ಲಿಂದ ಮ್ಹೈಸಾಳದ ಕಡೆಗೆ ಸಾಗಿತು. ಕೆಲವರ ಮಾತು ಮರಾಠಿ, ಕೆಲವರದು ಕನ್ನಡ. ಮುಂದೆ ದಾರಿ ಬಲ್ಲ ನಾಯಕ; ಎಲ್ಲರ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರು. ಅವರ ಸೈಕಲ್ಲಿನ ಬ್ರೇಕ್ ಸವೆದಿತ್ತು.

ತಂಡವು ನದಿಯ ಬಂಧಾರವನ್ನು ತಲುಪಿದಾಗ ಮಳೆ ನಿಂತು ಎಳೆಬಿಸಿಲು ಬಿದ್ದಿತ್ತು. ಕಟ್ಟೆಯ ಮೇಲೆ ಗೇಣುದ್ದ ಕೆಂಪು ನೀರು ಹರಿಯುತ್ತಿತ್ತು. “ಸೈಕಲ್ ಹೊತ್ತುಕೊಂಡು ದಾಟಿಬಿಡೋಣ, ಆಚೆ ಚಹಾ ಸಿಗುತ್ತದೆ” ಎಂದರು ತರುಣರು. ದಡದಲ್ಲಿ ಎಮ್ಮೆ ಹೊಡೆದುಕೊಂಡು ಬಂದಿದ್ದ ರೈತನೊಬ್ಬ ಕಟ್ಟೆಯ ಅಂಚಿನ ಕಲ್ಲನ್ನು ತೋರಿಸಿ, “ಮುಂಜಾನೆ ಈ ಕಲ್ಲು ಕಾಣಾಕತ್ತಿತ್ರಿ. ಈಗ ಇಲ್ಲ. ನೀರು ಏರಾಕತ್ತೈತಿ” ಎಂದ.

ನಾಯಕ ಉತ್ತರ ಕೊಡಲಿಲ್ಲ. ಹಿಂದೆ ಉಳಿದಿದ್ದ ಶಿಕ್ಷಕಿ ಬರುವವರೆಗೆ ಕಾದು, “ಬಾಯಿಯವರೇ, ನೀವು ದಾಟಬಲ್ಲಿರಾ?” ಎಂದು ಕೇಳಿದ. ಅವರು ನೀರನ್ನು ನೋಡಿ, “ನನ್ನಿಂದ ಆಗುವುದಿಲ್ಲಪ್ಪ. ನೀವೆಲ್ಲ ಹೋಗಿಬನ್ನಿ” ಎಂದರು. “ನಾವು ಹೋಗಿ ನೀರು ಇನ್ನೂ ಏರಿದರೆ ನಾವು ಆ ದಡ, ನೀವು ಈ ದಡ. ಆಗ ತಂಡ ಎಲ್ಲಿ ಉಳಿಯಿತು?” ಎಂದ ನಾಯಕ ಸೈಕಲ್ಲನ್ನು ತಿರುಗಿಸಿದ. ಸಾಲು ತಿರುಗಿದಾಗ ಕೊನೆಯವರಾಗಿದ್ದ ಶಿಕ್ಷಕಿಯೇ ಮೊದಲಿಗರಾದರು. ಮಿರಜ ಸೇರುವವರೆಗೆ ಜಡಿಮಳೆಯಲ್ಲಿ ಎಲ್ಲರೂ ಅವರ ವೇಗದಲ್ಲಿಯೇ ಸಾಗಿದರು.

ಗಣಿತ ಚಟುವಟಿಕೆ: ಮಾತಿಗೂ ವೇಗವುಂಟು

ಗಂಟೆಗೆ 18 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಮುಂದಿನವನು ನಿಂತದ್ದನ್ನು ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದು ತಿಳಿದರೂ ಅಷ್ಟರಲ್ಲಿ 5 ಮೀಟರ್ ಕಳೆದಿರುತ್ತದೆ. ಗಾಲಿಯ ಅಂಚು ಒದ್ದೆಯಾದಾಗ ಬ್ರೇಕ್ ತಡವಾಗಿ ಹಿಡಿಯುವುದರಿಂದ ಅಂತರವು ಇದಕ್ಕಿಂತ ಕಡಿಮೆ ಇರಬಾರದು. ಒಂದು ಸೈಕಲ್ಲಿನ ಉದ್ದ 1.75 ಮೀಟರ್ ಎಂದುಕೊಂಡರೆ 12 ಸೈಕಲ್ಲುಗಳಿಗೆ 21 ಮೀಟರ್. ನಡುವಣ 11 ಅಂತರಗಳಿಗೆ 55 ಮೀಟರ್. ಒಟ್ಟು 76 ಮೀಟರ್ ಸಾಲು.

ಜೋರು ಮಳೆಯಲ್ಲಿ ನಾಯಕನ ಕೂಗು ಅಷ್ಟು ದೂರ ಕೇಳದು. ಒಬ್ಬರಿಂದ ಒಬ್ಬರಿಗೆ ಮಾತು ದಾಟಬೇಕು. “ನೀರು! ಎಡಕ್ಕೆ ನಿಲ್ಲಿ!” ಎಂಬ ಸೂಚನೆಗೆ ಒಂದು ಸೆಕೆಂಡ್ ಸಾಕೆಂದರೆ, 11 ಬಾರಿ ದಾಟಲು 11 ಸೆಕೆಂಡ್, ಅಷ್ಟರಲ್ಲಿ ಕೊನೆಯ ಸವಾರ ಕ್ರಮಿಸುವುದು 55 ಮೀಟರ್. ಅಪಾಯದ ಸ್ಥಳಕ್ಕೆ ಮುಂಚೆಯೇ ಮಾತು ಅವನನ್ನು ಮುಟ್ಟಿತು. ಅದೇ ಸಂಗತಿಯನ್ನು, “ಮುಂದೆ ರಸ್ತೆಯ ಮೇಲೆ ನೀರು ಬಂದಿರುವುದರಿಂದ ಎಲ್ಲರೂ ಎಡಬದಿಗೆ ನಿಲ್ಲತಕ್ಕದ್ದು” ಎಂದು ಹೇಳಲು ಮೂರು ಸೆಕೆಂಡ್ ಹಿಡಿದರೆ ಒಟ್ಟು 33 ಸೆಕೆಂಡ್, ಅಂದರೆ 165 ಮೀಟರ್. ಮಾತು ತಲುಪುವ ಮೊದಲೇ ಕೊನೆಯವನು ನೀರಿಗೆ ಬಂದಿರುತ್ತಾನೆ. ಈ ಲೆಕ್ಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬೇಕು.

ಭಾಷಾ ಚಟುವಟಿಕೆ

ಮಕ್ಕಳನ್ನು ಮೈದಾನದಲ್ಲಿ ಅಂತರವಿಟ್ಟು ಸಾಲಾಗಿ ನಿಲ್ಲಿಸಿ ಸೂಚನೆಯನ್ನು ದಾಟಿಸುವ ಆಟ ಆಡಿಸಬೇಕು. ಮೊದಲು ದೀರ್ಘ ವಾಕ್ಯ, ಅನಂತರ ಚಿಕ್ಕ ವಾಕ್ಯ. ಕೊನೆಯ ಮಗುವಿಗೆ ಯಾವುದು ಕೆಡದೆ ತಲುಪಿತು ಎಂಬುದನ್ನು ಮಕ್ಕಳೇ ಹೇಳಲಿ. ಈ ಸಂದರ್ಭದಲ್ಲಿ ವಿಧ್ಯರ್ಥಕ ರೂಪಗಳನ್ನು (ನಿಲ್ಲು, ನಿಲ್ಲಿರಿ) ಮತ್ತು ನಿಷೇಧ ರೂಪಗಳನ್ನು (ದಾಟಬೇಡ, ದಾಟಬೇಡಿರಿ) ಪರಿಚಯಿಸಬಹುದು. ಮಗು “ನಿಂದ್ರಿ” ಎಂದರೆ ತಿದ್ದುವ ಅವಸರ ಬೇಡ; ಗ್ರಾಂಥಿಕ ರೂಪವನ್ನು ಫಲಕದ ಮೇಲೆ ಪಕ್ಕದಲ್ಲಿ ಬರೆದರೆ ಸಾಕು. ಗಡಿನಾಡಿನ ತಂಡದಲ್ಲಿ ಮರಾಠಿಯ “ಥಾಂಬಾ” ಎಂಬುದೂ ಅಷ್ಟೇ ಅವಶ್ಯ. ಕೊನೆಯವನಿಗೆ ತಿಳಿಯುವ ಮಾತೇ ಇಲ್ಲಿ ಸರಿಯಾದ ಮಾತು.

ಚರ್ಚೆ: ಹಿಂತಿರುಗಿದ್ದು ಸೋಲೇ?

ವಿದ್ಯಾರ್ಥಿಗಳು ಎರಡು ಪಕ್ಷಗಳಾಗಿ ಚರ್ಚಿಸಲಿ. ಪೂರಕವಾಗಿ ಶಿಕ್ಷಕರು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಯ ಸಂಗತಿಯನ್ನು ಹೇಳಬಹುದು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಈ ಸವಾರಿಯಲ್ಲಿ ಸುಮಾರು 1,200 ಕಿ.ಮೀ. ದೂರವನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಕ್ರಮಿಸಬೇಕು. 2007ರಲ್ಲಿ ಮಳೆ ಗಾಳಿಗಳ ಹೊಡೆತಕ್ಕೆ ಸಾವಿರಾರು ಕಿ.ಮೀ. ಅಭ್ಯಾಸ ಮಾಡಿದ್ದ ಸವಾರರಲ್ಲಿಯೂ ಅನೇಕರು ಅರ್ಧದಲ್ಲಿಯೇ ನಿಲ್ಲಿಸಿದರು. ನಿಲ್ಲಿಸಿದವರಿಗೆ ಮುಂದಿನ ಸಲ ಮತ್ತೆ ಹೊರಡುವ ಅವಕಾಶ ಉಳಿಯಿತು.

ಪೂರದಲ್ಲಿ ಮನೆಯನ್ನೋ ದನಕರುಗಳನ್ನೋ ಕಳೆದುಕೊಂಡ ಕುಟುಂಬದ ಮಕ್ಕಳು ತರಗತಿಯಲ್ಲಿರಬಹುದು. ಅನುಭವ ಹೇಳುವಂತೆ ಅವರನ್ನು ಒತ್ತಾಯಿಸಕೂಡದು. ತಾವಾಗಿ ಹೇಳಿದರೆ ಸಾವಧಾನದಿಂದ ಕೇಳಬೇಕು.

ಮೌಲ್ಯಮಾಪನ

ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬರೆಯಲಿ. ಹಳ್ಳ, ತಗ್ಗು ಸೇತುವೆ, ರೈಲು ಹಳಿ, ಎರೆಮಣ್ಣಿನ ಜಾರು ಇವುಗಳನ್ನು ಗುರುತಿಸಲಿ. ನೀರು ಬಂದಾಗ ನಿಂತು ಕಾಯಬಹುದಾದ ಒಂದು ಮನೆಯನ್ನಾದರೂ ತೋರಿಸಲಿ. ಜೊತೆಗೆ ತನಗಿಂತ ಚಿಕ್ಕ ಮಗುವಿಗೆ ಹೇಳುವಂಥ ಐದು ಸೂಚನಾ ವಾಕ್ಯಗಳನ್ನು ಬರೆಯಲಿ.

ಶಿಕ್ಷಕರಿಗೆ ಸೂಚನೆ

ಈ ನಕ್ಷೆಗಳನ್ನು ಅಂಕ ಕೊಟ್ಟು ಕಟ್ಟಿಡಬಾರದು. ಮಳೆಗಾಲದಲ್ಲಿ ಮುಖ್ಯಾಧ್ಯಾಪಕರ ಮೇಜಿನ ಮೇಲೆ ಅವು ಇರಬೇಕು. ಯಾವ ಮಗುವಿನ ದಾರಿಯಲ್ಲಿ ಹಳ್ಳವಿದೆ ಎಂಬುದು ಹಾಜರಿ ಕರೆಯುವ ಶಿಕ್ಷಕರಿಗೆ ತಿಳಿದಿರಬೇಕು. ತಡವಾಗಿ ಬಂದ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುವ ರೂಢಿ ಶಾಲೆಯಲ್ಲಿದ್ದರೆ, ಆ ಭಯದಿಂದಲೇ ಮಗು ನೀರಿಗೆ ಕಾಲಿಡಬಹುದು. “ನೀರು ಬಂದಿತ್ತು, ನಿಂತು ಬಂದೆ” ಎಂದು ಹೇಳುವ ಮಗುವನ್ನು ಒಳಗೆ ಕರೆದು ಕೂಡಿಸಿ, ಕಳೆದುಹೋದ ಪಾಠವನ್ನು ಮತ್ತೊಮ್ಮೆ ಹೇಳಿಕೊಡಬೇಕು.