ಗುರುತು ತಪಾಸಣೆಗೆ ಮೈಬಣ್ಣ ಆಧಾರವೇ?

1992ರ ಡಿಸೆಂಬರ್‌ನಲ್ಲಿ ಸ್ಪೇನಿನ ವಯ್ಯಾದೊಲಿದ್ ರೈಲು ನಿಲ್ದಾಣದಲ್ಲಿ ಪತಿ, ಪುತ್ರರೊಡನೆ ಇಳಿದ ಕಪ್ಪುವರ್ಣದ ಮಹಿಳೆಯೊಬ್ಬರ ಗುರುತಿನ ಚೀಟಿಯನ್ನು ಮಾತ್ರ ಪೊಲೀಸನೊಬ್ಬ ಕೇಳಿದ. ಅಂಥವರಲ್ಲಿ ಅಕ್ರಮ ವಲಸಿಗರು ಹೆಚ್ಚೆಂಬುದು ಅವನು ಕೊಟ್ಟ ಕಾರಣ. ಅಮೆರಿಕದಲ್ಲಿ ಜನಿಸಿದ ಆಕೆಯಾದರೋ 1969ರಿಂದಲೇ ಸ್ಪೇನಿನ ಪ್ರಜೆ! 2001ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು ತಪಾಸಣೆಯನ್ನು ಎತ್ತಿಹಿಡಿಯಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 2009ರಲ್ಲಿ ಇದನ್ನು ಒಪ್ಪಲಿಲ್ಲ. ವಲಸೆ ನಿಯಂತ್ರಣಕ್ಕಾಗಿ ಗುರುತು ಕೇಳುವುದು ನ್ಯಾಯಸಮ್ಮತ. ಬಣ್ಣವೊಂದನ್ನೇ ನೋಡಿ ಆರಿಸುವುದು ತಾರತಮ್ಯವೆಂದು ತೀರ್ಮಾನಿಸಿತು. ಲೆಕ್ಕಪರಿಶೋಧಕನೂ ವೋಚರುಗಳನ್ನು ಆರಿಸುವಾಗ ವರ್ತಕನ ಮುಖ ನೋಡುವುದಿಲ್ಲವಷ್ಟೆ. ಆದರೂ ಸ್ಪೇನಿನಲ್ಲಿ ವಿದೇಶೀಯರು ದಾಖಲೆ ಹೊಂದಿರಲೇಬೇಕು. ವ್ಯಾಪಾರ ಮೇಳಗಳಿಗೆಂದು ಅಲ್ಲಿಗೆ ತೆರಳುವ ನಮ್ಮ ವರ್ತಕರು ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಡದೆ ಜೊತೆಗಿರಿಸಿಕೊಳ್ಳುವುದು ಲೇಸು.